ಮೂವತ್ತು ಕಿಲೋ ನೌಕರಿ

ಬೆಳಿಗ್ಗೆ ಆರು ಗಂಟೆಗೆ ಮೂರನೇ ಮಹಡಿಯಿಂದ ಒಬ್ಬ ಯುವಕ ಏನನ್ನೋ ಎರಡೂ ಕೈಗಳಿಂದ ಎದೆಗವಚಿಕೊಂಡು, ಮೆಟ್ಟಿಲನ್ನು ಪಾದದಿಂದಲೇ ತಡಕುತ್ತ, ಏಡಿಯ ಹಾಗೆ ಅಡ್ಡಡ್ಡ ಇಳಿದು ಬರುತ್ತಿದ್ದರೆ ಆ ಕಟ್ಟಡದವರು ಯಾರೂ ತಿರುಗಿ ನೋಡುತ್ತಿರಲಿಲ್ಲ. ಹೊಸದಾಗಿ ಬಾಡಿಗೆಗೆ ಬಂದವರು ಮಾತ್ರ ಗಾಬರಿಬಿದ್ದು, "ಏನಾಯ್ತು, ಮಗುಗೆ ಹುಷಾರಿಲ್ವಾ?" ಎಂದು ಕೇಳುತ್ತಿದ್ದರು.

ಹಳಬರು ಸಮಾಧಾನ ಹೇಳುತ್ತಿದ್ದರು: "ಮಗು ಅಲ್ಲ, ಬ್ಯಾಟರಿ. ಅದು ಹುಷಾರಾಗೇ ಇದೆ. ಅವನಿಗೇ ಸ್ವಲ್ಪ ಹುಷಾರಿಲ್ಲ."

ಅವನಿಗೆ ಹೆತ್ತವರಿಟ್ಟ ಹೆಸರೊಂದಿತ್ತು. ಹಾಜರಿ ಪುಸ್ತಕ ಬಿಟ್ಟರೆ ಅದು ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಊರಿಗೆಲ್ಲ ಅವನು ವೋಲ್ಟು. ನದಿಯ ಈ ದಡದಿಂದ ಆ ದಡಕ್ಕೆ ಜನರನ್ನು ದಾಟಿಸುವ ಬೋಟಿನಲ್ಲಿ ಬ್ಯಾಟರಿ ಸಹಾಯಕ. ಹಂಗಾಮಿ. ಆರು ತಿಂಗಳಿಗೊಮ್ಮೆ ಕಚೇರಿಯಿಂದ ಒಂದು ಕಾಗದ ಬರುತ್ತಿತ್ತು, ನೌಕರಿ ಇನ್ನಾರು ತಿಂಗಳು ಮುಂದಕ್ಕೆ ಹೋಗುತ್ತಿತ್ತು. ಕಾಗದ ಬರುವುದಕ್ಕೆ ಮುಂಚಿನ ವಾರ ಅವನು ಕಚೇರಿಯ ಜವಾನನಿಗೂ ನಮಸ್ಕಾರ ಹೊಡೆಯುತ್ತಿದ್ದ. ಜವಾನ ಇಲ್ಲದಿದ್ದರೆ ಜವಾನನ ಸೈಕಲ್ಲಿಗೆ.

ಖಾಯಂ ಆಗಬೇಕೆನ್ನುವ ಆಸೆ ಯಾವ ಹಂಗಾಮಿಗೆ ಇರುವುದಿಲ್ಲ! ಆದರೆ ವೋಲ್ಟುವಿನ ಕಷ್ಟ ಒಂದು ಕೈ ಹೆಚ್ಚಿನದು. ಅವನ ಅಮ್ಮ ಎರಡು ವರ್ಷದ ಹಿಂದೆಯೇ ಇಡೀ ಕಟ್ಟಡಕ್ಕೆ "ನಮ್ಮ ಹುಡುಗಂದು ಪರ್ಮನೆಂಟು" ಎಂದು ಸಾರಿಬಿಟ್ಟಿದ್ದಳು.

"ಯಾಕಮ್ಮ ಸುಳ್ಳು ಹೇಳಿದೆ?" ಎಂದು ಅವನು ತಲೆ ಚಚ್ಚಿಕೊಂಡರೆ, ಅಮ್ಮ ತಣ್ಣಗೆ ಅನ್ನುತ್ತಿದ್ದಳು: "ಸುಳ್ಳೆಲ್ಲಿ ಹೇಳಿದೆ? ಸ್ವಲ್ಪ ಮುಂಚೆ ಹೇಳಿದೆ, ಅಷ್ಟೆ. ಆಗೋದು ನಿನ್ನ ಕೆಲಸ."

ಹೀಗೆ ಅಮ್ಮನ ಮಾತನ್ನು ನಿಜ ಮಾಡುವ ಹೊರೆ ಅವನ ಹೆಗಲೇರಿತ್ತು, ಬ್ಯಾಟರಿಯ ಪಕ್ಕದಲ್ಲೇ.

ಮೊದಲು ಅವನು ಬೋಟಿನಲ್ಲಿ ಹಗ್ಗ ಎಸೆಯುವವನಾಗಿದ್ದ. ಆಗ ಬ್ಯಾಟರಿ ಎಂಜಿನ್ನಿನ ಪಕ್ಕದ ಗುಂಡಿಯಲ್ಲಿ, ಹಲಗೆಯ ಕೆಳಗೆ, ತನ್ನ ಪಾಡಿಗೆ ತಾನಿತ್ತು. ಅದರ ನೆಮ್ಮದಿ ಕೆಡಿಸಿದ ಮೊದಲ ಪುಣ್ಯಾತ್ಮ ವೋಲ್ಟುವೇ. ಎರಡು ವೈರು ಸಿಕ್ಕಿಸಿ ತನ್ನ ಮೊಬೈಲು ಚಾರ್ಜಿಗೆ ಹಾಕಿಕೊಂಡ. ಅದನ್ನು ದಿನವೂ ದಾಟುವ ಟೈಲರ್ ನೋಡಿದ. ಟೈಲರನ ವೈರನ್ನು ಟೀಚರ್ ನೋಡಿದರು. ತಿಂಗಳೊಪ್ಪತ್ತಿನಲ್ಲಿ ಬ್ಯಾಟರಿ ಊರ ಬಾವಿಯಾಯಿತು, ಸೇದುವವರೇ ಎಲ್ಲ. ಸಂಜೆ ಬೋಟು ಕಟ್ಟಿಹಾಕಿದ ಮೇಲೂ ಯಾರದೋ ಪುಟ್ಟ ಫ್ಯಾನು, ಯಾರದೋ ರೇಡಿಯೋ ಅದಕ್ಕೇ ಜೋತುಬಿದ್ದಿರುತ್ತಿದ್ದವು. ಒಂದು ಬೆಳಿಗ್ಗೆ ಕೀಲಿ ತಿರುಗಿಸಿದರೆ ಎಂಜಿನ್ "ಟಿಕ್" ಎಂದಿತು, ಅಷ್ಟೆ. ಮತ್ತೆ ತಿರುಗಿಸಿದರೆ ಅದೂ ಇಲ್ಲ.

ಬೋಟು ಓಡಿಸುವವನು ಕೆಂಡಾಮಂಡಲವಾದ. ಅವನನ್ನು ಎಲ್ಲರೂ ಕ್ಯಾಪ್ಟನ್ ಎನ್ನುತ್ತಿದ್ದರು. ಆ ಪದವಿ ಯಾರೂ ಕೊಟ್ಟದ್ದಲ್ಲ, ಅವನೇ ತೆಗೆದುಕೊಂಡದ್ದು. ಬಣ್ಣದ ಕಂಪನಿಯವರು ಪುಕ್ಕಟೆ ಹಂಚಿದ ಟೋಪಿಯೊಂದು ಅದಕ್ಕೆ ಆಧಾರ. ಅವನು ಕಚೇರಿಗೆ ದೂರು ಬರೆದ. ವಾರದೊಳಗೆ ಸಾಹೇಬರಿಂದ ಸುತ್ತೋಲೆ ಬಂತು: "ಸ್ಟಾರ್ಟಿಂಗ್ ಬ್ಯಾಟರಿಯನ್ನು ಎಂಜಿನ್ ಸ್ಟಾರ್ಟ್ ಮಾಡುವುದಕ್ಕೆ ಮಾತ್ರ ಬಳಸತಕ್ಕದ್ದು. ಅನ್ಯ ಕಾರ್ಯಕ್ಕೆ ಬಳಸಿದಲ್ಲಿ ಕ್ರಮ ಜರುಗಿಸಲಾಗುವುದು."

ಬುದ್ಧಿ ನೆಟ್ಟಗಿರುವ ಯಾರೇ ಆದರೂ ಇದನ್ನು ಓದಿ ಮೊಬೈಲ್ ವೈರುಗಳನ್ನು ಕಿತ್ತು ಸುಮ್ಮನಾಗುತ್ತಿದ್ದರು. ವೋಲ್ಟು ಮೂರು ಸಲ ಓದಿದ. ಅವನಿಗೆ ಓದಿನ ಮೇಲೆ ಗೌರವ ಹೆಚ್ಚು. ಸ್ಟಾರ್ಟ್ ಮಾಡುವುದಕ್ಕೆ ಮಾತ್ರ ಅಂದಮೇಲೆ, ಎಂಜಿನ್ ಸ್ಟಾರ್ಟ್ ಆದ ಮರುಗಳಿಗೆಯಿಂದ ಬ್ಯಾಟರಿಗೆ ಅಲ್ಲೇನು ಕೆಲಸ? ಅಲ್ಲಿ ಕೂತ ಒಂದೊಂದು ನಿಮಿಷವೂ ಸುತ್ತೋಲೆಯ ಉಲ್ಲಂಘನೆಯಲ್ಲವೆ? ಮಾರನೆಯ ಬೆಳಿಗ್ಗೆ ಎಂಜಿನ್ ಗುಡುಗುಡು ಅನ್ನುತ್ತಿರುವಾಗಲೇ ಅವನು ಸ್ಪ್ಯಾನರು ಹಿಡಿದು ಗುಂಡಿಗಿಳಿದ, ಟರ್ಮಿನಲ್ ಸಡಿಲಿಸಿ ವೈರು ಎತ್ತಿದ. ಚಟ್ ಎಂದು ಕಿಡಿ ಹಾರಿತು. ಕ್ಯಾಪ್ಟನ್ನಿನ ತಲೆಯ ಮೇಲಿದ್ದ ಬಲ್ಬು ಎಂದೂ ಇಲ್ಲದ ಹಾಗೆ ಬೆಳ್ಳಗೆ ಉರಿದು ಆರಿಹೋಯಿತು.

"ಏನೋ ಅದು?" ಎಂದ ಕ್ಯಾಪ್ಟನ್.

"ಹಳೇ ಬಲ್ಬು ಕ್ಯಾಪ್ಟನ್, ಆಯಸ್ಸು ಮುಗಿದಿತ್ತು."

ಎಂಜಿನ್ ಓಡುತ್ತಲೇ ಇತ್ತು. ಡೀಸೆಲ್ ಎಂಜಿನ್ನಿಗೆ ಓಡಲು ಬ್ಯಾಟರಿ ಬೇಡ ಎಂಬ ಸತ್ಯ ವೋಲ್ಟುವಿಗೆ ಆ ಕ್ಷಣ ದರ್ಶನವಾಯಿತು. ಉಳಿದ ಸತ್ಯಗಳು ದರ್ಶನ ಕೊಡಲು ಎರಡು ವರ್ಷ ತೆಗೆದುಕೊಂಡವು. ಅವನು ಬ್ಯಾಟರಿಯನ್ನು ಹೊತ್ತು ದಡಕ್ಕೆ ತಂದು, ಟಿಕೆಟ್ ಕೌಂಟರಿನ ಒಳಗೆ ಫ್ಯಾನಿನ ಕೆಳಗೆ ಇಟ್ಟ. ಇನ್ನು ಯಾವ ಟೈಲರ್ ಸೇದುತ್ತಾನೋ ನೋಡೋಣ!

ವಾರ ಕಳೆಯುವುದರಲ್ಲಿ ಬ್ಯಾಟರಿ ತಾನಾಗಿಯೇ ಸೋತಿತು. ಯಾರೂ ಸೇದದೆಯೇ ಯಾಕೆ ಸೋತಿತೆಂದು ಯಾರೂ ಕೇಳಲಿಲ್ಲ. "ಮನೇಲಿ ಚಾರ್ಜ್ ಮಾಡ್ಕೊಂಡು ಬರ್ತೀನಿ ಸಾರ್" ಎಂದು ವೋಲ್ಟು ಸಾಹೇಬರ ಮುಂದೆ ಎದೆಯುಬ್ಬಿಸಿ ಹೇಳಿದ. ಸಾಹೇಬರು ಕರಗಿಹೋದರು. ತಮ್ಮ ಸುತ್ತೋಲೆಯನ್ನು ಇಷ್ಟು ಶ್ರದ್ಧೆಯಿಂದ ಪಾಲಿಸಿದ ಪ್ರಾಣಿಯನ್ನು ಅವರು ಇಡೀ ಸೇವಾವಧಿಯಲ್ಲಿ ಕಂಡಿರಲಿಲ್ಲ. ಬ್ಯಾಟರಿ ಸಹಾಯಕ ಎಂಬ ಹುದ್ದೆ ಹುಟ್ಟಿತು.

ಅಲ್ಲಿಂದ ಶುರುವಾಯಿತು ಮೂವತ್ತು ಕಿಲೋ ಸಂಸಾರ. ಬೆಳಿಗ್ಗೆ ಹೊತ್ತೊಯ್ದು ಎಂಜಿನ್ ಎಬ್ಬಿಸಿ ಮತ್ತೆ ಕೌಂಟರಿನಲ್ಲಿಡಬೇಕು, ಸಂಜೆಯವರೆಗೆ ಎಂಜಿನ್ ಆರಿಸುವಂತಿಲ್ಲ. ಸಂಜೆ ಸೈಕಲ್ಲಿನ ಕ್ಯಾರಿಯರಿಗೆ ಹಳೆಯ ಟ್ಯೂಬಿನಿಂದ ಬಿಗಿದು ತರಬೇಕು, ನಲವತ್ತೆರಡು ಮೆಟ್ಟಿಲು ಹತ್ತಿಸಬೇಕು, ಅಡುಗೆಮನೆಯ ಒಂದೇ ಒಂದು ದೊಡ್ಡ ಪ್ಲಗ್ಗಿಗೆ ಚಾರ್ಜರ್ ಸಿಕ್ಕಿಸಬೇಕು. ಬ್ಯಾಟರಿ ಕುಡಿಯುವಷ್ಟು ಹೊತ್ತು ಅಮ್ಮನ ಮಿಕ್ಸಿ ಉಪವಾಸ. ಆರು ಬಿರಡೆ ತೆಗೆದು ನೀರು ನೋಡಬೇಕು, ಕಡಿಮೆಯಿದ್ದರೆ ಡಿಸ್ಟಿಲ್ಡ್ ವಾಟರ್ ಹನಿಸಬೇಕು, ಟರ್ಮಿನಲ್ಲಿನ ಮೇಲೆ ಕೂತ ಹಸಿರು ಬೂಷ್ಟನ್ನು ಬಿಸಿನೀರು, ಅಡುಗೆ ಸೋಡಾ ಹಾಕಿ ಉಜ್ಜಬೇಕು. ಅವನ ಪ್ಯಾಂಟುಗಳೆಲ್ಲ ಆಸಿಡ್ ತಗುಲಿ ಜರಡಿಯಾಗಿದ್ದವು.

"ಡಬ್ಬಿ ಸೋಡಾ ಮುಗೀತೇನೋ ಮತ್ತೆ?" ಅಮ್ಮ ಕೂಗುತ್ತಿದ್ದಳು. "ನಿನಗೆ ಹಲ್ಲುಜ್ಜು ಅಂದ್ರೆ ಎರಡು ನಿಮಿಷ. ಅದಕ್ಕೆ ಅರ್ಧ ಗಂಟೆ ಉಜ್ತೀಯ!"

"ಅಮ್ಮ, ಇದು ಕೈಕೊಟ್ರೆ ಇಡೀ ಊರು ದಡದಲ್ಲಿ ನಿಲ್ಲುತ್ತೆ."

"ಓಹೋ! ಊರು ದಾಟಿಸೋನು. ಗ್ಯಾಸ್ ತರೋಕೆ ಹೇಳಿ ಮೂರು ದಿನ ಆಯ್ತು."

ಬಾಯಲ್ಲಿ ಬೈದರೂ ಅಮ್ಮ ನೆರೆಮನೆಯವರ ಮುಂದೆ "ಅವನಿಲ್ದೆ ಬೋಟು ಅಲ್ಲಾಡಲ್ಲ" ಎನ್ನುತ್ತಿದ್ದಳು. ವೋಲ್ಟು ಬಾಗಿಲ ಹಿಂದೆ ನಿಂತು ಕೇಳಿ ಅರ್ಧ ಇಂಚು ಎತ್ತರವಾಗುತ್ತಿದ್ದ. ಸೊಂಟ ನೋವಿನಿಂದ ಬಾಗಿದ್ದ ಬೆನ್ನಿಗೆ ಆ ಅರ್ಧ ಇಂಚು ಲೆಕ್ಕಕ್ಕೆ ಸರಿಹೋಗುತ್ತಿತ್ತು. ಬ್ಯಾಟರಿಯಿಲ್ಲದ ಬೋಟಿನಲ್ಲಿ ಹಾರ್ನು ಕೂಗದು, ದೀಪ ಉರಿಯದು. ಎದುರಿಗೆ ದೋಣಿ ಬಂದರೆ ಕ್ಯಾಪ್ಟನ್ ಕಿಟಕಿಯಿಂದ ತಲೆ ಹೊರಹಾಕಿ "ಹೋಯ್" ಎಂದು ಕಿರುಚುತ್ತಿದ್ದ. ಎಲ್ಲರೂ ಹೊಂದಿಕೊಂಡಿದ್ದರು. ಖಾಯಂ ಆದೇಶದ ಕಡತ ಸಾಹೇಬರ ಮೇಜಿಗೆ ಬಂದಿದೆಯೆಂದು ಜವಾನ ಕಿವಿಯಲ್ಲಿ ಊದಿದ್ದ. ಇನ್ನೊಂದು ಸಹಿ ಬಿದ್ದರೆ ಅಮ್ಮ ಸತ್ಯವಂತೆ.

ಅಷ್ಟರಲ್ಲಿ ಬಂತು ಆ ಸೋಮವಾರ. ಬೆಳಗಿನ ಹತ್ತು ಗಂಟೆ, ಬೋಟಿನಲ್ಲಿ ಇಪ್ಪತ್ತಾರು ಜನ. ನಡುನೀರಿನಲ್ಲಿ ಯಾರೋ ಬಿಸಾಡಿದ್ದ ಹಳೆಯ ಬಲೆ, ಬೋಟನ್ನು ತಳ್ಳಲು ನೀರಿನೊಳಗೆ ತಿರುಗುವ ಫ್ಯಾನಿಗೆ ಸುತ್ತಿಕೊಂಡಿತು. ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಕ್ಯಾಪ್ಟನ್ ಅಭ್ಯಾಸಬಲದಿಂದ ಕೀಲಿ ತಿರುಗಿಸಿದ. ಟಿಕ್ ಎನ್ನಲಿಕ್ಕಾದರೂ ಅಲ್ಲಿ ಏನಿತ್ತು? ಬ್ಯಾಟರಿ ದಡದಲ್ಲಿ, ಫ್ಯಾನಿನ ಕೆಳಗೆ, ಗಾಳಿ ಸೇವಿಸುತ್ತ ಕೂತಿತ್ತು.

"ವೋಲ್ಟೂ," ಎಂದ ಕ್ಯಾಪ್ಟನ್, ದನಿ ಇಳಿಸಿ.

"ಕ್ಯಾಪ್ಟನ್," ಎಂದ ವೋಲ್ಟು, ಇನ್ನೂ ಇಳಿಸಿ.

ಬೋಟು ಹರಿವಿನ ಜೊತೆ ಸುಮ್ಮನೆ ಹೊರಟಿತು. ತಲುಪಬೇಕಾದ ಕಟ್ಟೆ ಕಣ್ಣೆದುರೇ ಹಿಂದೆ ಸರಿಯಿತು.

"ಇಳಿದು ತಳ್ಳೋಣ್ವಾ?" ಎಂದು ಟೈಲರ್ ಕೇಳಿದ.

ಆಸ್ಪತ್ರೆಗೆ ಹೊರಟಿದ್ದ ಅಜ್ಜಿಯೊಬ್ಬಳು ಚೀಟಿ ಹಿಡಿದುಕೊಂಡು, "ಮಗಾ, ಡಾಕ್ಟ್ರು ಹನ್ನೊಂದಕ್ಕೆ ಹೋಗ್ಬಿಡ್ತಾರೆ. ಈ ಬೋಟು ಯಾವ ಕಡೆ ಹೋಗ್ತಿದೆ?" ಎಂದಳು.

"ಕೆಳಗಡೆ ಅಜ್ಜಿ."

"ಕೆಳಗಡೆ ಏನಿದೆ?"

ವೋಲ್ಟು ಯೋಚಿಸಿದ. ಕೆಳಗಡೆ ಸೇತುವೆಯ ಕಲ್ಲುಕಂಬಗಳಿದ್ದವು. ಅದನ್ನು ಹೇಳದೆ, "ಚೆನ್ನಾಗಿದೆ ಅಜ್ಜಿ, ಗಾಳಿ ಬರುತ್ತೆ" ಎಂದ. ಆ ಮಾತು ಬಾಯಿಂದ ಬಿದ್ದಾಗ ಅವನಿಗೇ ತನ್ನ ಮೇಲೆ ಹೇಸಿಗೆಯಾಯಿತು.

ಸೇತುವೆಗೆ ಮುಂಚೆ ನದಿಯ ತಿರುವಿನಲ್ಲಿ ಒಂದು ಬೋಟ್ ರಿಪೇರಿ ಶೆಡ್ಡಿದ್ದುದು ಇಪ್ಪತ್ತಾರು ಜನರ ಅದೃಷ್ಟ. ಅಲ್ಲಿಯ ಒಡತಿಯನ್ನು ಎಲ್ಲರೂ ಮೆಕ್ಯಾನಿಕ್ ಅಕ್ಕ ಎನ್ನುತ್ತಿದ್ದರು. ಮೊಣಕೈವರೆಗೆ ಗ್ರೀಸು, ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು. ಅವಳು ಹಗ್ಗ ಬೀಸಿ ಬೋಟನ್ನು ದಡಕ್ಕೆಳೆದಳು, ಕೊಕ್ಕೆ ಹಾಕಿ ಬಲೆ ಕತ್ತರಿಸಿ ತೆಗೆದಳು.

"ಹೂಂ, ಸ್ಟಾರ್ಟ್ ಮಾಡಿ."

ಕ್ಯಾಪ್ಟನ್ ವೋಲ್ಟುವನ್ನು ಮುಂದಕ್ಕೆ ತಳ್ಳಿದ.

"ಬ್ಯಾಟರಿ ದಡದಲ್ಲಿದೆ ಅಕ್ಕ," ಎಂದ ವೋಲ್ಟು.

"ರಿಪೇರಿಗೆ ಬಂದಿದ್ಯಾ?"

"ಇಲ್ಲಕ್ಕ, ಚೆನ್ನಾಗಿದೆ. ಫುಲ್ ಚಾರ್ಜು. ನಾನೇ ದಿನಾ ಮಾಡ್ತೀನಿ."

"ಚೆನ್ನಾಗಿರೋದು ದಡದಲ್ಲಿ, ನೀವು ನೀರಲ್ಲಿ. ಒಳ್ಳೇ ಏರ್ಪಾಡು!"

ಅವಳು ತನ್ನ ಶೆಡ್ಡಿನ ಬ್ಯಾಟರಿ ತಂದು ಜೋಡಿಸಿ ಎಂಜಿನ್ ಎಬ್ಬಿಸಿದಳು. ಜನರನ್ನು ಆಚೆ ದಡಕ್ಕೆ ಬಿಟ್ಟುಬಂದ ಮೇಲೆ, ಎಂಜಿನ್ ಓಡುತ್ತಿರುವಾಗಲೇ ಮೀಟರು ಹಚ್ಚಿ ನೋಡಿದಳು. ಮುಳ್ಳು ಹನ್ನೆರಡು ವೋಲ್ಟಿನಿಂದ ಮೇಲೇರಲಿಲ್ಲ. ಎಂಜಿನ್ನಿನ ಪಕ್ಕದಲ್ಲಿ ಬೆಲ್ಟಿಗೆ ಸಿಕ್ಕಿಸಿದ್ದ, ತೆಂಗಿನಕಾಯಿ ಗಾತ್ರದ ಒಂದು ಗುಂಡನ್ನು ಸ್ಪ್ಯಾನರಿನಿಂದ ತಟ್ಟಿದಳು.

"ಇದೇನು ಗೊತ್ತಾ?"

"ಎಂಜಿನ್ನಿಂದೇ ಏನೋ ಭಾಗ ಅಕ್ಕ."

"ಆಲ್ಟರ್ನೇಟರು. ಎಂಜಿನ್ ತಿರುಗಿದ್ರೆ ಇದೂ ತಿರುಗಿ ಕರೆಂಟು ಹುಟ್ಟಿಸುತ್ತೆ. ಬೆಳಿಗ್ಗೆ ಸ್ಟಾರ್ಟ್ ಮಾಡೋಕೆ ಬ್ಯಾಟರಿ ಖರ್ಚು ಮಾಡಿದ್ದನ್ನ ಎರಡು ಟ್ರಿಪ್ಪಲ್ಲಿ ವಾಪಸ್ ತುಂಬಿಬಿಡುತ್ತೆ. ತುಂಬಬೇಕು. ಇದು ಸತ್ತುಹೋಗಿದೆ. ಎಂಜಿನ್ ಓಡ್ತಿರುವಾಗ ಯಾವನೋ ಬ್ಯಾಟರಿ ವೈರು ಕಿತ್ತಿದಾನೆ. ಹುಟ್ಟಿದ ಕರೆಂಟಿಗೆ ಹೋಗೋಕೆ ಜಾಗ ಇಲ್ಲ, ಒಳಗೊಳಗೇ ಸುಟ್ಕೊಂಡಿದೆ. ಆವತ್ತು ಯಾವ್ದಾದ್ರೂ ಬಲ್ಬು ಸಿಕ್ಕಾಪಟ್ಟೆ ಉರಿದು ಹೋಗಿರ್ಬೇಕಲ್ಲ?"

ಕ್ಯಾಪ್ಟನ್ ಟೋಪಿ ತೆಗೆದು ಅದರೊಳಗೆ ಏನನ್ನೋ ಹುಡುಕತೊಡಗಿದ.

ವೋಲ್ಟುವಿನ ತಲೆಯೊಳಗೆ ನಲವತ್ತೆರಡು ಮೆಟ್ಟಿಲು ಒಂದೊಂದಾಗಿ ಕುಸಿದವು. ಎರಡು ವರ್ಷ! ತೆಂಗಿನಕಾಯಿಯಷ್ಟು ದೊಡ್ಡ ಯಂತ್ರ ಕೂತಲ್ಲೇ ಮಾಡುವ ಕೆಲಸವನ್ನು ಅವನು ಬೆನ್ನು ಬಾಗಿಸಿ, ಪ್ಯಾಂಟು ತೂತು ಮಾಡಿಕೊಂಡು, ಅಮ್ಮನ ಸೋಡಾ ಕದ್ದು ಮಾಡಿದ್ದ. ಆ ಯಂತ್ರವನ್ನು ಕೊಂದವನೂ ಅವನೇ. ಕೊಂದದ್ದಕ್ಕೆ ಕಚೇರಿ ಅವನಿಗೆ ಅದರ ಜಾಗವನ್ನೇ ಕೊಟ್ಟಿತ್ತು.

"ಹಳೇದೊಂದು ಶೆಡ್ಡಲ್ಲಿ ಬಿದ್ದಿದೆ," ಎಂದಳು ಅಕ್ಕ. "ಬೇಕಾದ್ರೆ ಹಾಕಿಕೊಡ್ತೀನಿ. ಅರ್ಧ ದಿನದ ಕೆಲಸ. ನಿನ್ನ ಸೊಂಟಾನೂ ರಿಪೇರಿ ಆಗುತ್ತೆ."

ವಾಪಸು ಬರುವಾಗ ಕ್ಯಾಪ್ಟನ್ ಪಿಸುಗುಟ್ಟಿದ: "ಬಾಯಿ ಮುಚ್ಕೊಂಡಿರು. ಆ ಗುಂಡು ಹಾಕ್ಸಿದ್ರೆ ನಿನ್ನ ಯಾಕೋ ಇಟ್ಕೋತಾರೆ? ಫೈಲು ಮೇಜಿನ ಮೇಲಿದೆ. ನಿನ್ನ ಕಾಲಿಗೆ ನೀನೇ ಕಲ್ಲು ಹಾಕ್ಕೋಬೇಡ."

ಮಾತು ಸರಿಯಾಗಿಯೇ ಇತ್ತು. ವೋಲ್ಟು ಎರಡು ದಿನ ಆ ಸರಿಯಾದ ಮಾತನ್ನು ಮೆಲುಕು ಹಾಕುತ್ತ ಧೀರನಂತೆ ಬಾಯಿ ಮುಚ್ಚಿಕೊಂಡಿದ್ದ. ಮೂರನೆಯ ದಿನ ಕಟ್ಟೆಯ ಮೇಲೆ ಅದೇ ಅಜ್ಜಿ ಬೋಟು ಹತ್ತುವ ಮುಂಚೆ ನಿಂತು, "ಮಗಾ, ಇವತ್ತು ಅದು ಒಳಗಿದ್ಯಾ, ಹೊರಗಿದ್ಯಾ?" ಎಂದು ಕೇಳಿದಳು. ಅದು ಹೊರಗಿತ್ತು. "ಒಳಗಿದೆ ಅಜ್ಜಿ" ಎನ್ನಲು ಬಾಯಿ ತೆರೆದ, ನಾಲಿಗೆ ಏಳಲಿಲ್ಲ. ಅಜ್ಜಿ ಅವನ ಮುಖ ನೋಡಿ, ಬೋಟು ಹತ್ತದೆ, ಸೇತುವೆಯ ದಾರಿ ಹಿಡಿದು ಕೋಲೂರಿಕೊಂಡು ನಡೆದಳು. ಆ ದಾರಿ ಎರಡು ಮೈಲಿ.

ವೋಲ್ಟು ನೆಟ್ಟಗೆ ಕಚೇರಿಗೆ ಹೋದ.

ಸಾಹೇಬರ ಕೋಣೆಯಲ್ಲಿ ಕಡತಗಳು ಗೋಡೆಗಿಂತ ಗಟ್ಟಿಯಾಗಿದ್ದವು. ಅವನು ನಿಂತುಕೊಂಡೇ ಎಲ್ಲ ಹೇಳಿದ: ಕಿಡಿ, ಬಲ್ಬು, ಗುಂಡು, ಸೇತುವೆಯ ಕಂಬ. "ತಪ್ಪು ನಂದೇ ಸಾರ್. ಅದೊಂದು ಹಾಕಿಸಿದ್ರೆ ಬ್ಯಾಟರಿ ಬೋಟಲ್ಲೇ ಚಾರ್ಜ್ ಆಗುತ್ತೆ. ನನ್ನ ಕೆಲಸ ಹೋದ್ರೂ..." ಮುಂದಿನದನ್ನು ಹೇಳಲಾಗಲಿಲ್ಲ. ಹೋದರೆ ಅಮ್ಮ ಮೂರೂ ಮಹಡಿಗೆ ಏನು ಹೇಳಬೇಕು?

ಸಾಹೇಬರು ಕನ್ನಡಕ ಒರೆಸಿದರು. "ವೈರು ಯಾಕೆ ಕಿತ್ತೆ?"

"ಸುತ್ತೋಲೆಯಲ್ಲಿ ಹಾಗಿತ್ತು ಸಾರ್."

"ಸುತ್ತೋಲೆ ಬರೆದವರು ಯಾರು?"

ಅದರ ಕೆಳಗಿನ ಸಹಿ ಯಾರದೆಂದು ಇಬ್ಬರಿಗೂ ಗೊತ್ತಿತ್ತು.

"ನೋಡಪ್ಪಾ," ಎಂದರು ಸಾಹೇಬರು, ಮೊದಲ ಬಾರಿಗೆ ಅಪ್ಪಾ ಸೇರಿಸಿ. "ಆ ಗುಂಡು ಹಾಳಾಗಿದೆ ಅಂತ ನಾನು ಬರೆದ್ರೆ, ಯಾವಾಗ ಹಾಳಾಯ್ತು ಅಂತ ಮೇಲಿನವರು ಕೇಳ್ತಾರೆ. ಎರಡು ವರ್ಷ ಅಂದ್ರೆ, ಎರಡು ವರ್ಷ ಏನ್ ಮಾಡ್ತಿದ್ರಿ ಅಂತಾರೆ. ನೀನು, ಕ್ಯಾಪ್ಟನ್, ನಾನು, ಮೂವರೂ ಸಾಲಾಗಿ ನಿಲ್ಲಬೇಕು. ಬೋಟು ದಿನಾ ಬೆಳಿಗ್ಗೆ ಸ್ಟಾರ್ಟ್ ಆಗ್ತಿದ್ಯಾ?"

"ಆಗ್ತಿದೆ ಸಾರ್."

"ಹಾಗಾದ್ರೆ ಏನು ಹಾಳಾಗಿದೆ? ಏನೂ ಇಲ್ಲ."

ಅವರು ಪೆನ್ನೆತ್ತಿ ಅಲ್ಲೇ ಹೊಸ ಸುತ್ತೋಲೆ ಬರೆದರು: ಹಗಲಿನಲ್ಲಿ ಬ್ಯಾಟರಿ ಬೋಟಿನಲ್ಲಿಯೇ ಇರತಕ್ಕದ್ದು, ಬ್ಯಾಟರಿ ಸಹಾಯಕನು ಅದರ ಸಮೀಪ ಇರತಕ್ಕದ್ದು, ಸಂಜೆ ಎಂದಿನಂತೆ ಮನೆಗೊಯ್ದು ಚಾರ್ಜ್ ಮಾಡತಕ್ಕದ್ದು. ಇಷ್ಟು ಮುಖ್ಯವಾದ ಕೆಲಸವನ್ನು ಹಂಗಾಮಿ ಕೈಯಲ್ಲಿ ಬಿಡುವುದು ಸರಿಯಲ್ಲವೆಂದು ಪಕ್ಕದ ಕಡತವನ್ನೂ ಎಳೆದು ಸಹಿ ಹಾಕಿದರು. ವೋಲ್ಟು ಖಾಯಂ ಆದ. ತಪ್ಪೊಪ್ಪಿಕೊಳ್ಳಲು ಹೋದವನು ನಿವೃತ್ತಿಯವರೆಗೆ ಆಲ್ಟರ್ನೇಟರಾಗಿ ನೇಮಕಗೊಂಡು ಹೊರಬಂದ.

ಅಮ್ಮ ಆದೇಶವನ್ನು ಎರಡು ಸಲ ಓದಿಸಿಕೊಂಡು, "ಇದರಲ್ಲೇನಿದೆ ಹೊಸದು, ನಾನು ಎರಡು ವರ್ಷದಿಂದ ಹೇಳ್ತಾನೇ ಇದೀನಿ" ಎಂದಳು. ಕಣ್ಣು ಮಾತ್ರ ಒರೆಸಿಕೊಂಡಳು.

ಒಂದು ವಾರ ವೋಲ್ಟು ಖಾಯಂ ಆಗಿ ಹೊತ್ತ. ಭಾರ ಒಂದು ಗುಲಗಂಜಿಯಷ್ಟೂ ಇಳಿದಿರಲಿಲ್ಲ. ಮೊದಲು ಅದು ಊರಿಗಾಗಿ ಎಂದುಕೊಂಡು ಹೊರುತ್ತಿದ್ದ, ಈಗ ಯಾತಕ್ಕಾಗಿ ಎಂದು ಗೊತ್ತಿದ್ದೂ ಹೊರಬೇಕು. ರಜೆಯ ದಿನ ಬ್ಯಾಟರಿ ಹೊತ್ತ ಅವನ ಸೈಕಲ್ಲು ತಾನಾಗಿ ತಿರುವಿನ ಶೆಡ್ಡಿನ ಕಡೆ ತಿರುಗಿತು.

ಅಕ್ಕ ಏನೂ ಕೇಳದೆ ಸ್ಪ್ಯಾನರು ಎತ್ತಿಕೊಂಡು ಕಟ್ಟೆಯಲ್ಲಿ ಕಟ್ಟಿಹಾಕಿದ್ದ ಬೋಟಿಗೆ ಬಂದಳು. ಅರ್ಧ ದಿನದಲ್ಲಿ ಸತ್ತ ಗುಂಡು ಇಳಿದು ಹಳೆಯದೊಂದು ಏರಿತು. ಎಂಜಿನ್ ಎಬ್ಬಿಸಿದಾಗ ಮೀಟರಿನ ಮುಳ್ಳು ಹನ್ನೆರಡರಿಂದ ಹದಿನಾಲ್ಕಕ್ಕೆ ಏರಿತು. ಯಾರೂ ಹೊರದೆ ಅದು ತುಂಬಿಕೊಳ್ಳುತ್ತಿತ್ತು.

"ಇನ್ಮೇಲೆ ಎಂಜಿನ್ ಓಡ್ತಿರುವಾಗ ವೈರು ಮುಟ್ಟಿದ್ರೆ ಕೈ ಕತ್ತರಿಸ್ತೀನಿ," ಎಂದಳು ಅಕ್ಕ. "ಸರಿ, ಸಂಜೆ ಮನೆಗೆ ಏನು ಹೊತ್ಕೊಂಡು ಹೋಗ್ತೀಯ? ಬರಿಗೈಲಿ ಹೋದ್ರೆ ನಿಮ್ಮ ಸಾಹೇಬ್ರಿಗೆ ಸುದ್ದಿ ಹೋಗಲ್ವಾ?"

ಅದನ್ನು ಅವನು ಯೋಚಿಸಿರಲಿಲ್ಲ. ಅಕ್ಕ ಶೆಡ್ಡಿಗೆ ಕರೆದೊಯ್ದು ಗುಜರಿ ರಾಶಿಯಿಂದ ಅದೇ ಕಂಪನಿಯ, ಅದೇ ಬಣ್ಣದ ಒಂದು ಬ್ಯಾಟರಿಯ ಖಾಲಿ ಡಬ್ಬಿ ಎಳೆದುಕೊಟ್ಟಳು. ಒಳಗಿನ ತಗಡು, ಆಸಿಡ್ಡು ಎಲ್ಲ ಎಂದೋ ಹೋಗಿ, ತೊಳೆದು ಒಣಗಿಸಿದ ಬರೀ ಪ್ಲಾಸ್ಟಿಕ್ಕು.

ಅಂದಿನಿಂದ ನಿಜವಾದ ಬ್ಯಾಟರಿ ಹಲಗೆಯ ಕೆಳಗೆ ಬೋಟಿನಲ್ಲೇ ಇತ್ತು, ಖಾಲಿ ಡಬ್ಬಿ ಸಂಜೆ ಮನೆಗೆ ಹೋಗಿ ಬೆಳಿಗ್ಗೆ ಬರುತ್ತಿತ್ತು. ಕ್ಯಾಪ್ಟನ್ ಒಂದು ದಿನ ಆಕಸ್ಮಿಕವಾಗಿ ಹಾರ್ನ್ ಒತ್ತಿದ, ಅದು ಕೂಗಿತು. ಅವನು ಬೆಚ್ಚಿಬಿದ್ದ. ಮತ್ತೆ ಒತ್ತಿದ. ಆಮೇಲೆ ಎದುರಿಗೆ ದೋಣಿಯಿಲ್ಲದಿದ್ದರೂ, ಬಾತುಕೋಳಿ ಕಂಡರೂ ಒತ್ತತೊಡಗಿದ. ಹೇಗೆ ಬಂತೆಂದು ಮಾತ್ರ ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದೆ, ಉತ್ತರ ಬಂದರೆ ವರದಿ ಬರೆಯಬೇಕಾಗುತ್ತದೆ. ಮೂವತ್ತು ವರ್ಷದ ಅನುಭವ ಅವನದು.

ಮನೆಯಲ್ಲಿ ಹೆಚ್ಚು ದಿನ ನಡೆಯಲಿಲ್ಲ. ಕಸ ಗುಡಿಸುತ್ತಿದ್ದ ಅಮ್ಮ ಡಬ್ಬಿಯನ್ನು ಸರಿಸಲು ಎಂದಿನಂತೆ ಸೊಂಟಕ್ಕೆ ಸೆರಗು ಸಿಕ್ಕಿಸಿ, ಉಸಿರು ಬಿಗಿಹಿಡಿದು ಎತ್ತಿದಳು. ಅದು ಮೂಗಿನ ಮಟ್ಟಕ್ಕೆ ಹಾರಿ ಬಂತು. ಅಮ್ಮ ಅದನ್ನು ಒಂದೇ ಕೈಯಲ್ಲಿ ಹಿಡಿದು ಮಗನತ್ತ ತಿರುಗಿದಳು.

"ಇದೇನೋ?"

ವೋಲ್ಟು ತಲೆ ತಗ್ಗಿಸಿ ಎಲ್ಲ ಹೇಳಿದ. ಬೈಗುಳಕ್ಕೆ ಬೆನ್ನು ಕೊಟ್ಟು ಕಾದ. ಅಮ್ಮ ಡಬ್ಬಿ ಕೆಳಗಿಟ್ಟು, ಚಾರ್ಜರಿನ ಪ್ಲಗ್ ಕಿತ್ತು ಮಿಕ್ಸಿಯ ಪ್ಲಗ್ ಹಾಕಿದಳು. ಚಟ್ನಿ ರುಬ್ಬಿ ಮುಗಿಸಿ ಕೇಳಿದಳು:

"ಈಗ ಬೋಟು ನಡುನೀರಲ್ಲಿ ನಿಂತ್ರೆ?"

"ಮತ್ತೆ ಸ್ಟಾರ್ಟ್ ಆಗುತ್ತಮ್ಮ."

"ಸರಿ ಬಿಡು."

ಮಾರನೆಯ ಬೆಳಿಗ್ಗೆ ಆರು ಗಂಟೆಗೆ ಅವನು ಡಬ್ಬಿ ಎತ್ತಿಕೊಂಡು ಹೊರಟಾಗ ಅಮ್ಮ ಬಾಗಿಲವರೆಗೆ ಹಿಂದೆಯೇ ಬಂದಳು.

"ನಿಲ್ಲು. ನಿನ್ನೆ ದಡದಡ ಇಳಿದುಬಿಟ್ಟೆ. ಎರಡನೇ ಮಹಡಿಯವರು ಕಿಟಕೀಲಿ ನೋಡ್ತಿದ್ರು. ಅಡ್ಡಡ್ಡ ಇಳಿ. ಸ್ವಲ್ಪ ಮುಲುಗು."

ಖಾಯಂ ನೌಕರ ಏಡಿಯ ಹಾಗೆ ತಿರುಗಿ, ಪಾದದಿಂದ ಮೊದಲ ಮೆಟ್ಟಿಲು ತಡಕಿ ಮುಲುಗಿದ. ಮೇಲಿನಿಂದ ಅಮ್ಮ ಕೈಸನ್ನೆ ಮಾಡಿದಳು: ಇನ್ನೂ ಸ್ವಲ್ಪ ಜೋರಾಗಿ.